ಮೇಲೆ ಬರುವಾಗ ನಿಧಾನ

ಮಾರ್ಚ್ 2, 1925

ದೊಡ್ಡ ಉಪವಾಸದ ಮೊದಲ ದಿನ. ಇನ್ನು ಈಸ್ಟರ್‌ವರೆಗೆ ಮಾಂಸ, ಮೊಟ್ಟೆ, ಹಾಲು ಮುಟ್ಟುವ ಹಾಗಿಲ್ಲ; ರಕ್ತವಿಲ್ಲದ ಸಮುದ್ರಜೀವಿಗಳಿಗೆ ಮಾತ್ರ ಅಡ್ಡಿಯಿಲ್ಲ. ಊರ ಮಕ್ಕಳು ಗುಡ್ಡದ ಮೇಲೆ ಗಾಳಿಪಟ ಬಿಡುತ್ತಿದ್ದರು, ಅವರ ಗಲಾಟೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ನಾವು ನಾಲ್ವರು ಎಳ್ಳಿನ ರೊಟ್ಟಿ, ಆಲಿವ್, ಕೆಂಡದಲ್ಲಿ ಸುಟ್ಟ ಆಕ್ಟೋಪಸ್ ಮುಂದಿಟ್ಟುಕೊಂಡು ಸಾವಿನ ಮನೆಯವರ ಹಾಗೆ ಕೂತಿದ್ದೆವು. ಸ್ಪಂಜು ದೋಣಿಯ ಯಜಮಾನರಾದ ಮಾವ ಸಕೆಲ್ಲಾರಿಸ್, ನನ್ನ ಗಂಡ ಪೊಥಿತೋಸ್, ಮೈದುನ ಸ್ಕೇವೋಸ್, ನಾನು. ಅತ್ತೆ ಹೋಗಿ ಬಹಳ ವರ್ಷವಾಯಿತು. ನನಗೆ ಮಕ್ಕಳಿಲ್ಲ. ಈ ಮನೆಯಲ್ಲಿ ಮಾತಾಡಿಸಬೇಕೆಂದರೆ ಗೋಡೆಯನ್ನೇ ಮಾತಾಡಿಸಬೇಕು. ಅದಕ್ಕಿಂತ ಬರೆಯುವುದು ವಾಸಿ ಅನಿಸಿತು.

ಹೋದ ಬೇಸಿಗೆಯಲ್ಲಿ ಆಫ್ರಿಕಾದ ಕರಾವಳಿಯಲ್ಲಿ ಮಾವನ ದೋಣಿಯಿಂದ ಸಮುದ್ರದ ತಳದ ಸ್ಪಂಜು ಕೀಳಲು ಇಳಿದಾಗ ಪೊಥಿತೋಸನಿಗೆ ಪೆಟ್ಟು ಬಿತ್ತು. ಪೆಟ್ಟು ಅನ್ನುವುದು ನಮ್ಮ ದ್ವೀಪದವರ ಮಾತು. ಹೊಡೆಯುವವರು ಯಾರೂ ಇರುವುದಿಲ್ಲ. ಆಳದಿಂದ ಅವಸರದಲ್ಲಿ ಮೇಲೆ ಬಂದವನ ರಕ್ತ ಕುದಿದಂತಾಗಿ ಸೊಂಟದಿಂದ ಕೆಳಗೆ ಎಲ್ಲ ಸತ್ತುಹೋಗುತ್ತದೆ. ಎರಡು ಕೋಲು ಊರಿಕೊಂಡರೆ ಅವನು ಕಿಟಕಿಯಿಂದ ಊಟದ ಮೇಜಿನವರೆಗೆ ಬರಬಲ್ಲ. ಅಷ್ಟೇ.

ಮಾವ ರೊಟ್ಟಿ ಮುರಿದು, ತಲೆ ಎತ್ತದೆ ಹೇಳಿದರು. "ಈ ಸಲ ಸ್ಕೇವೋಸ್ ಇಳೀತಾನೆ."

ಸ್ಕೇವೋಸನ ಮುಖ ಮದುವೆ ಗಂಡಿನ ಮುಖದ ಹಾಗೆ ಅರಳಿತು. ನಾನು ಪೊಥಿತೋಸನನ್ನು ನೋಡಿದೆ. ಅವನು ಆಲಿವ್ ಬೀಜವನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟ.

"ಏನಾದ್ರೂ ಹೇಳು," ಅಂದೆ.

"ಆಕ್ಟೋಪಸ್ ಚೆನ್ನಾಗಿ ಬೆಂದಿದೆ," ಅಂದ.

ಮಾರ್ಚ್ 11

ಅಂಗಳದಲ್ಲಿ ಸ್ಕೇವೋಸ್ ಮುಳುಗುವ ಉಡುಪಿನ ರಬ್ಬರಿಗೆ ತೇಪೆ ಹಾಕುತ್ತಿದ್ದ. ಪಕ್ಕದಲ್ಲಿ ತಾಮ್ರದ ದೊಡ್ಡ ಗುಂಡು ಟೋಪಿ. ಅದರ ಗಾಜಿನ ಕಣ್ಣಿನಲ್ಲಿ ನನ್ನ ಮುಖ ಡೊಂಕಾಗಿ ಕಾಣುತ್ತಿತ್ತು.

"ನಿಮ್ಮಣ್ಣನ್ನ ದಿನಾ ನೋಡ್ತೀಯಲ್ಲೋ. ಆದ್ರೂ ಬುದ್ಧಿ ಬರಲ್ವಾ?"

"ಅತ್ತಿಗೆ, ದೋಣಿ ಮೇಲೆ ನಿಂತು ಮುಳುಗಿದವನಿಗೆ ಗಾಳಿ ಕಳಿಸೋ ಯಂತ್ರದ ಚಕ್ರ ತಿರುಗಿಸೋನನ್ನ ಯಾರಾದ್ರೂ ಗಂಡಸು ಅಂತಾರಾ? ಮೀಕೆಸ್ ನನ್ನನ್ನ ಏನಂತ ಕರೀತಾನೆ ಗೊತ್ತಾ? ಬೀಸೋಕಲ್ಲು. 'ಏನಪ್ಪಾ ಬೀಸೋಕಲ್ಲು, ಇವತ್ತೆಷ್ಟು ಗಾಳಿ ಬೀಸಿದೆ' ಅಂತಾನೆ, ಬಂದರಿನಲ್ಲಿ ಎಲ್ಲರ ಮುಂದೆ."

ಮೀಕೆಸ್ ನಮ್ಮ ದೋಣಿಯ ದೊಡ್ಡ ಮುಳುಗುಗಾರ. ಸ್ಕೇವೋಸ್ ಉಂಗುರ ಬದಲಿಸಿಕೊಂಡಿರುವ ಥೆಮೆಲೀನಾಳ ಅಣ್ಣ.

"ಭಾವ ಅಲ್ವಾ, ತಮಾಷೆ ಮಾಡ್ತಾನೆ."

"ಥೆಮೆಲೀನಾನೂ ನಗ್ತಾಳೆ," ಅಂದ. ಇಪ್ಪತ್ತು ದಾಟಿದ ಗಂಡು, ಕಣ್ಣಲ್ಲಿ ನೀರು ತುಂಬಿಕೊಂಡಿದ್ದ.

ಸಮುದ್ರ ಕೆಟ್ಟದ್ದು ಅನ್ನುತ್ತಾರೆ. ಯಾರ ಮನೆಯಲ್ಲಿ ಯಾರು ಸತ್ತರೂ ಹೆಂಗಸರು ಎದೆ ಬಡಿದುಕೊಂಡು ಸಮುದ್ರಕ್ಕೆ ಶಾಪ ಹಾಕುತ್ತಾರೆ. ಪಾದ್ರಿಯೂ ಹಾಗೇ ಹೇಳುತ್ತಾನೆ: ಸಮುದ್ರ ತೆಗೆದುಕೊಂಡಿತು. ನನಗೆ ನಗು ಬರುತ್ತದೆ. ಸಮುದ್ರ ಯಾವತ್ತೂ ಸುಳ್ಳು ಹೇಳಿಲ್ಲ. ಅದಕ್ಕಿರುವುದು ಒಂದೇ ಕಾನೂನು. ಬೇಕಾದಷ್ಟು ಬೇಗ ಇಳಿ, ಮೇಲೆ ಬರುವಾಗ ಮಾತ್ರ ನಿಧಾನ. ಈ ದ್ವೀಪದ ಕುರುಡನಿಗೂ ಅದು ಗೊತ್ತು. ಆದರೆ ನಿಧಾನವಾಗಿ ಬಂದರೆ ದಿನಕ್ಕೆ ಎಷ್ಟು ಸಲ ಇಳಿಯಲಾದೀತು? ಪಕ್ಕದ ದೋಣಿಯವರ ಸ್ಪಂಜು ರಾಶಿ ನಮ್ಮದಕ್ಕಿಂತ ಎತ್ತರವಾದರೆ? ಅದಕ್ಕೇ ಮುಳುಗಿದವನಿಗೆ ಕಟ್ಟಿದ ಹಗ್ಗವನ್ನು ಸರಸರ ಎಳೆಯುತ್ತಾರೆ. ಹಗ್ಗ ಎಳೆಯುವುದು ಸಮುದ್ರವಲ್ಲ, ಮನುಷ್ಯರು.

ಏಪ್ರಿಲ್ 5

ಮಾವನನ್ನು ಕೇಳಿಯೇಬಿಟ್ಟೆ.

ಅವರು ಪೊಥಿತೋಸನ ಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತಿದ್ದರು. ಪ್ರತಿ ಭಾನುವಾರ ತಾವೇ ಹಚ್ಚುತ್ತಾರೆ, ನನಗೆ ಮುಟ್ಟಲು ಬಿಡುವುದಿಲ್ಲ. ಮೊಣಕಾಲೂರಿ ಕೂತು, ಆ ದಪ್ಪ ಬೆರಳುಗಳಿಂದ ಮಗುವಿನ ಕಾಲು ತಿಕ್ಕುವ ಹಾಗೆ ತಿಕ್ಕುತ್ತಾರೆ. ಇವರು ರಾಕ್ಷಸರಾಗಿದ್ದರೆ ನನಗೆ ದ್ವೇಷಿಸುವುದು ಎಷ್ಟು ಸುಲಭವಾಗುತ್ತಿತ್ತು.

"ಮಾವ, ಸ್ಕೇವೋಸನನ್ನ ನಿಧಾನ ಎತ್ತಿಸ್ತೀನಿ ಅಂತ ಮಾತು ಕೊಡಿ."

"ನನ್ನ ಮಗ ಅವನು."

"ಇವನೂ ನಿಮ್ಮ ಮಗನೇ."

ಕೈ ನಿಂತಿತು. ಪೊಥಿತೋಸ್ ಕಣ್ಣು ಮುಚ್ಚಿಕೊಂಡ.

"ಸೆವಾಸ್ತಿ," ಮಾವ ಮೆಲ್ಲಗೆ ಹೇಳಿದರು, "ಸಮುದ್ರದ ಮೇಲೆ ಗಾಳಿ ಏಳುತ್ತೆ, ಲಂಗರು ಜಾರುತ್ತೆ, ಮುಳುಗಿದವನಿಗೆ ಹುಚ್ಚು ಹಿಡಿಯುತ್ತೆ. ಅಡುಗೆಮನೇಲಿ ನಿಂತು ಮಾತು ಕೊಡು ಅಂದ್ರೆ ಏನ್ ಕೊಡಲಿ? ಬೇಳೆ ಬೇಯೋಕೆ ಎಷ್ಟು ಹೊತ್ತು ಬೇಕು ಅಂತ ನಾನು ನಿನ್ನ ಕೇಳ್ತೀನಾ?"

ಆಮೇಲೆ ಮತ್ತೆ ಎಣ್ಣೆ ತಿಕ್ಕತೊಡಗಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಬೇಳೆ ಹೊತ್ತಿಸಿಬಿಟ್ಟೆ. ಬೇಕೆಂದೇ. ಎಲ್ಲರೂ ಅದನ್ನೇ ತಿಂದರು.

ಏಪ್ರಿಲ್ 19, ಈಸ್ಟರ್

ಗುಡ್ಡದ ಮೇಲಿಂದ ಗಂಡಸರು ಬೆಳಿಗ್ಗೆಯಿಂದ ಸಿಡಿಮದ್ದು ಎಸೆಯುತ್ತಿದ್ದಾರೆ. ಮನೆಯ ಗಾಜೆಲ್ಲ ನಡುಗುತ್ತಿದೆ. ಸತ್ತ ಪ್ರಭು ಮತ್ತೆ ಎದ್ದನಂತೆ. ನನ್ನ ಗಂಡ ಎದ್ದರೆ ನಾನೂ ಒಂದು ಸಿಡಿಸುತ್ತಿದ್ದೆ.

ಏಪ್ರಿಲ್ 28

ದೋಣಿಗಳು ಹೋದವು. ಇನ್ನು ಶರತ್ಕಾಲದವರೆಗೆ ಊರಲ್ಲಿ ಗಂಡಸರೆಂದರೆ ಮುದುಕರು, ಪಾದ್ರಿ, ದ್ವೀಪವನ್ನು ಆಳುವ ಇಟಲಿಯ ಸಿಪಾಯಿಗಳು, ಪೆಟ್ಟು ತಿಂದವರು.

ನಿನ್ನೆ ಸಂಜೆ ಬಂದರಿನ ಚೌಕದಲ್ಲಿ ಬೀಳ್ಕೊಡುಗೆಯ ಕುಣಿತವಿತ್ತು. ಪೊಥಿತೋಸ್ ಬರುತ್ತೇನೆಂದು ಹಟ ಮಾಡಿದ. ಕತ್ತೆಯ ಮೇಲೆ ಕೂರಿಸಿಕೊಂಡು ಹೋದೆವು. ಸಾಲಿನ ಮುಂದೆ ಕರವಸ್ತ್ರ ಬೀಸುತ್ತ ಸ್ಕೇವೋಸ್ ಕುಣಿಯುತ್ತಿದ್ದ. ಇದ್ದಕ್ಕಿದ್ದ ಹಾಗೆ ಪೊಥಿತೋಸ್ ಕೋಲೂರಿ ಎದ್ದು ಹೋಗಿ ತಮ್ಮನ ಕೈಯಿಂದ ಕರವಸ್ತ್ರ ಕಿತ್ತುಕೊಂಡ. ಒಂದು ಕೋಲು ಬಿಸಾಡಿದ. ವಾದ್ಯದವನು ನಿಲ್ಲಿಸಬೇಕೋ ಬೇಡವೋ ತಿಳಿಯದೆ ನುಡಿಸುತ್ತಲೇ ಇದ್ದ. ಪೊಥಿತೋಸನ ಕಾಲುಗಳು ಗಡಗಡ ನಡುಗುತ್ತಿದ್ದವು. ಅವನು ನಡುಗುವ ಕಾಲಿನಲ್ಲೇ ತಾಳ ಹಿಡಿಯಲು ನೋಡುತ್ತಿದ್ದ. ಒಬ್ಬಿಬ್ಬರು ಕುಡಿದವರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಅದು ತಮ್ಮನಿಗೆ ಅವನು ಹೇಳಿದ ಮಾತು. ಬಾಯಲ್ಲಿ ಹೇಳಲಾಗದ್ದನ್ನು ಕಾಲಲ್ಲಿ ಹೇಳಿದ. ಸ್ಕೇವೋಸ್ ಅಣ್ಣನನ್ನು ಅಪ್ಪಿಕೊಂಡು ಅತ್ತ. ಸದ್ಯ, ಅರ್ಥವಾಯಿತಲ್ಲ ಅಂದುಕೊಂಡೆ. ಆಗ ಹಿಂದಿನಿಂದ ಮೀಕೆಸ್ ಕೂಗಿದ. "ಏಯ್ ಬೀಸೋಕಲ್ಲು, ಈಗಲೇ ಅಳೋನು ಕೆಳಗೆ ಇಳಿದ್ಮೇಲೆ ಏನ್ ಮಾಡ್ತೀಯೋ? ಟೋಪಿ ತುಂಬಿಹೋಗುತ್ತೆ."

ಜನ ಈಗ ನಕ್ಕರು. ಸ್ಕೇವೋಸ್ ಕಣ್ಣೊರೆಸಿಕೊಂಡ.

ಬೆಳಿಗ್ಗೆ ದೋಣಿ ಬಿಡುವಾಗ ಥೆಮೆಲೀನಾ ನನ್ನ ಕೈ ಬಿಡಲೇ ಇಲ್ಲ. "ಅಕ್ಕಾ, ನಾನು ನಕ್ಕಿದ್ದು ಒಂದೇ ಒಂದು ಸಲ," ಅಂದಳು.

ಮೇ 20

ಗೋದಾಮಿನಲ್ಲಿ ಹೋದ ವರ್ಷದ ಸ್ಪಂಜು ಉಳಿದಿದೆ. ಅದನ್ನು ಕತ್ತರಿಸಿ, ತೊಳೆದು ಮುಗಿಸುವ ಹೆಂಗಸರ ಮೇಲೆ ಕಣ್ಣಿಡಲು ಮಾವ ನನಗೆ ಹೇಳಿಹೋಗಿದ್ದಾರೆ. ಬೇಡವೆನ್ನಲು ಬಾಯಿ ಬರಲಿಲ್ಲ. ಮನೆಯಿಂದ ಹೊರಗೆ ಹೋಗಲು ಒಂದು ನೆಪ. ದೂಳಿಗೆ ಎಲ್ಲರಿಗೂ ಕೆಮ್ಮು. ಮಧ್ಯಾಹ್ನ ಅವರ ಜೊತೆ ನೆರಳಲ್ಲಿ ಕೂತು ರೊಟ್ಟಿ ತಿಂದೆ. ಬಹಳ ದಿನದ ಮೇಲೆ ನಕ್ಕೆ.

ಜೂನ್ 30

ಕತ್ತರಿ ಹಿಡಿಯುವುದನ್ನು ಕಲಿತೆ. ಒಳ್ಳೆಯ ಸ್ಪಂಜು ಯಾವುದು, ಮರಳು ತುಂಬಿ ತೂಕ ಬರಿಸಿದ್ದು ಯಾವುದು ಎಂದು ಮುಟ್ಟಿದರೆ ಗೊತ್ತಾಗುತ್ತದೆ ಈಗ. ಕೊಳ್ಳುವವರ ಕಡೆಯ ಆಳು ಬಂದವನು "ಮನೇಲಿ ಗಂಡಸರಿಲ್ವಾ" ಅಂದ. "ಇದ್ದಾರೆ, ಅವರಿಗೆ ನಿಮ್ಮ ಜೊತೆ ಮಾತಾಡೋಷ್ಟು ಪುರಸೊತ್ತಿಲ್ಲ" ಅಂದೆ. ಸಂಜೆ ಪೊಥಿತೋಸನಿಗೆ ಹೇಳಿದಾಗ ನಕ್ಕುಬಿಟ್ಟ. ಎಷ್ಟು ಚೆಂದ ನಗುತ್ತಿದ್ದ ಇವನು.

ಜುಲೈ 17

ಉತ್ತರದ ಗಾಳಿ ಶುರುವಾಗಿದೆ. ಪೊಥಿತೋಸ್ ಇಡೀ ದಿನ ಕಿಟಕಿಯಲ್ಲಿ ಕೂತು ಗಾಳಿಯನ್ನೇ ನೋಡುತ್ತಾನೆ. "ಅಲ್ಲಿ ಇದು ಇರಲ್ಲ. ಅಲ್ಲಿ ಬೇರೆ ಗಾಳಿ," ಅನ್ನುತ್ತಾನೆ. ಒಂದೇ ಮಾತು ಎಷ್ಟು ಸಲ ಕೇಳಲಿ.

ಆಗಸ್ಟ್ 15

ದೇವಮಾತೆಯ ಹಬ್ಬ. ಎಲ್ಲರೂ ಗುಡಿಯಲ್ಲಿ. ಕತ್ತರಿಸುವ ಹೆಂಗಸರು ನಾಳೆಯೂ ರಜೆ ಕೇಳಿದರು. ಮಾಲು ಹೋಗುವ ಹಡಗು ಇನ್ನೇನು ಬಂದುಬಿಡುತ್ತದೆ, ಕೊಡಲಿಲ್ಲ. ಅವರಲ್ಲೊಬ್ಬಳು ಹಿಂದಿನಿಂದ ಏನೋ ಗೊಣಗಿದಳು. ಮೇ ತಿಂಗಳಲ್ಲಿ ಅವರ ಜೊತೆ ಕೂತು ಉಂಡಿದ್ದೇ ತಪ್ಪಾಯಿತು. ಸಲಿಗೆ ಕೊಟ್ಟರೆ ಹೀಗೇ.

ಸೆಪ್ಟೆಂಬರ್ 9

ನಮ್ಮ ದೋಣಿ ಬಂತು. ಒಂದೇ. ಉಳಿದವು ಬರಲು ಇನ್ನೂ ಸಮಯವಿದೆ. ಪಟದ ಕಂಬಕ್ಕೆ ಕರಿ ಬಟ್ಟೆ ಕಟ್ಟಿತ್ತು.

ಬಂದರಿಗೆ ಓಡಿಬಂದ ಹೆಂಗಸರೆಲ್ಲ ತಮ್ಮ ತಮ್ಮ ಗಂಡಸರನ್ನು ದೋಣಿಯಲ್ಲಿ ಹುಡುಕುತ್ತಿದ್ದರು. ಒಬ್ಬೊಬ್ಬರಿಗೂ ತಮ್ಮವನು ಕಾಣಿಸುತ್ತಿದ್ದ ಹಾಗೆ ಅವರ ಮುಖ ಸಡಿಲವಾಗುತ್ತಿತ್ತು. ಕೊನೆಗೆ ಹುಡುಕುತ್ತ ಉಳಿದವರು ಥೆಮೆಲೀನಾ ಮತ್ತು ನಾನು.

ಸೆಪ್ಟೆಂಬರ್ 12

ಮೀಕೆಸ್ ಬಂದು ಅಂಗಳದ ಕಲ್ಲಿನ ಮೇಲೆ ಕೂತ. ಪೊಥಿತೋಸ್ "ಎಲ್ಲ ಹೇಳು, ಒಂದೂ ಬಿಡಬೇಡ" ಅಂದ. ಮಾವ ಒಳಗಿನ ಕೋಣೆಯಲ್ಲಿದ್ದರು, ಬಾಗಿಲು ತೆರೆದೇ ಇತ್ತು.

"ಆಗಸ್ಟ್ ಕೊನೇಲಿ ನೀರೊಳಗೆ ಒಂದು ಹೊಸ ದಿಣ್ಣೆ ಸಿಕ್ತು," ಮೀಕೆಸ್ ಶುರು ಮಾಡಿದ. "ನಲವತ್ತು ಮಾರು ಆಳ. ಕೆಳಗೆ ಸ್ಪಂಜು ಹೇಗಿತ್ತು ಅಂದ್ರೆ, ಕಾಲಿಡೋಕೆ ಜಾಗ ಇಲ್ಲ. ಸಮುದ್ರ ಎಣ್ಣೆ ಥರ ಇತ್ತು. ನಾನು ಎರಡು ಸಲ ಇಳಿದೆ, ಸ್ಕೇವೋಸ್ ಎರಡು ಸಲ ಇಳಿದ. ಎರಡನೇ ಸಲ ನಾನು ಮೇಲೆ ಬಂದಾಗ ಪಶ್ಚಿಮದ ಕಡೆ ಆಕಾಶ ಕೊಳೆತ ನಿಂಬೆಹಣ್ಣಿನ ಬಣ್ಣ. ಹೊರಡೋಣ ಯಜಮಾನ್ರೇ ಅಂದೆ. ಅವರು ನೋಡಿದ್ರು. ಸಂಜೆವರೆಗೂ ಏನಾಗಲ್ಲ, ಇನ್ನೊಂದು ಸಲ ಅಂದ್ರು. ನನಗೆ ಮೊಣಕೈಲಿ ನೋವು ಶುರುವಾಗಿತ್ತು, ಪೆಟ್ಟು ಬೀಳೋ ಮುಂಚೆ ಬರೋ ನೋವು. ನಾನು ಇಳಿಯಲ್ಲ ಅಂದೆ."

"ಆಮೇಲೆ?"

"ಸ್ಕೇವೋಸ್ ನಾನು ಇಳೀತೀನಿ ಅಂದ. ಬೇಡ ಅಂತ ಯಜಮಾನ್ರೇ ಹೇಳಿದ್ರು. ಸುಳ್ಳು ಹೇಳಲ್ಲ, ಅವನಿಗೆ ಸಾಕು ಅಂತ ಅಂದ್ರು." ಮೀಕೆಸ್ ತನ್ನ ಕೈಗಳನ್ನೇ ನೋಡುತ್ತಿದ್ದ. "ಆಗ ನಾನು ನಕ್ಕೆ. ಬೀಸೋಕಲ್ಲು ಸುಸ್ತಾಗಿದೆ, ಬಿಡಿ ಅಂದೆ. ತಮಾಷೆಗೆ ಅಂದೆ. ದಿನಾ ಅನ್ನೋ ಹಾಗೆ."

ಸ್ಕೇವೋಸ್ ಟೋಪಿ ಹಾಕಿಕೊಂಡನಂತೆ. ಮಾವ ಮತ್ತೆ ತಡೆಯಲಿಲ್ಲವಂತೆ. ಅವನು ತಳ ಮುಟ್ಟಿದ ಮೇಲೆ ಗಾಳಿ ಎದ್ದಿತು, ಸಂಜೆವರೆಗೆ ಕಾಯಲಿಲ್ಲ. ಲಂಗರು ಜಾರಿ ದೋಣಿ ಬಂಡೆಗಳ ಕಡೆ ಹೋಗತೊಡಗಿತು. ಹಗ್ಗ ಕತ್ತರಿಸಿದರೆ ಸ್ಕೇವೋಸ್ ಹೋದ. ನಿಧಾನವಾಗಿ ಎತ್ತಿದರೆ ದೋಣಿಯೂ ಅದರ ಮೇಲಿದ್ದವರೂ ಹೋದರು. ಮಾವ ತಾವೇ ಹಗ್ಗ ಹಿಡಿದು, ಕಿರುಚುತ್ತ ಒಂದೇ ಸಮನೆ ಎಳೆದರಂತೆ. ಟೋಪಿ ಬಿಚ್ಚಿದಾಗ ಸ್ಕೇವೋಸ್ ನಗುತ್ತಿದ್ದ. ಚೀಲ ತುಂಬಿತ್ತು. "ನೋಡಿದ್ಯಾ ಭಾವ" ಅಂದ. ಒಂದು ಸಿಗರೇಟು ಕೇಳಿದ. ಅದು ಮುಗಿಯುವ ಮೊದಲೇ ಬಿದ್ದ. ಗಾಳಿ ಇಳಿದ ಮೇಲೆ ದಡಕ್ಕೆ ಒಯ್ದು, ಬಿಸಿ ಮರಳಲ್ಲಿ ಕುತ್ತಿಗೆವರೆಗೆ ಹೂತು ಶಾಖ ಕೊಟ್ಟರು. ಬದುಕಲಿ ಎಂದು ಹೂತ ಜಾಗದಲ್ಲೇ ಮಾರನೇ ದಿನ ಇನ್ನೂ ಆಳ ತೋಡಿ ಮಣ್ಣು ಮಾಡಿದರು.

ಪಾದ್ರಿ ಬಂದು ಗಾಳಿಯ ಮೇಲೆ ಹೊರಿಸಿಹೋದ. ದೇವರ ಗಾಳಿಯಂತೆ, ದೇವರ ಸಮುದ್ರವಂತೆ. ಗಾಳಿಗೆ ಸ್ಕೇವೋಸ್ ಯಾರೆಂದು ಗೊತ್ತೇ? ಮುನ್ಸೂಚನೆ ಕೊಟ್ಟು, ಆಕಾಶಕ್ಕೆ ಬಣ್ಣ ಬಳಿದು ತೋರಿಸಿ ಬಂದ ಗಾಳಿ ಅದು. ಒಬ್ಬನ ದುರಾಸೆ, ಒಬ್ಬನ ನಾಲಗೆ, ಒಬ್ಬನ ಹುಂಬತನ. ಈ ಮೂರು ಸೇರದಿದ್ದರೆ ಆ ಗಾಳಿ ಖಾಲಿ ನೀರಿನ ಮೇಲೆ ಬೀಸಿ ಹೋಗುತ್ತಿತ್ತು. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅಕ್ಟೋಬರ್ 4

ಮಾವ ಮೇಜಿಗೆ ಬರುವುದಿಲ್ಲ. ಒಲೆಯ ಹತ್ತಿರ ನೆಲದ ಮೇಲೆ ಕೂತು ತಿನ್ನುತ್ತಾರೆ. ಬೆನ್ನು ಬಾಗಿದೆ. ಇವತ್ತು ಪೊಥಿತೋಸನ ಕಾಲಿಗೆ ಎಣ್ಣೆ ಹಚ್ಚಲು ಕೂತವರು ಹಚ್ಚದೆ ಸುಮ್ಮನೆ ಆ ಕಾಲಿನ ಮೇಲೆ ತಲೆ ಇಟ್ಟುಬಿಟ್ಟರು. ಪೊಥಿತೋಸ್ ಅವರ ಬಿಳಿ ಕೂದಲ ಮೇಲೆ ಕೈಯಾಡಿಸುತ್ತಿದ್ದ. ನಾನು ಅಡುಗೆಮನೆಗೆ ಹೋದೆ.

ಆಮೇಲೆ ಮಾವ ಹೇಳಿದರು. "ಆ ಉಡುಪು, ಆ ಟೋಪಿ ಇನ್ನು ನೀರಿಗೆ ಇಳಿಯಲ್ಲ. ದೋಣೀನ ದಡಕ್ಕೆ ಎಳೆಸಿಬಿಡ್ತೀನಿ."

ಕೊನೆಗೂ, ಅಂದುಕೊಂಡೆ. ಇದನ್ನು ಮಾರ್ಚ್‌ನಲ್ಲಿ ಹೇಳಿದ್ದರೆ.

ನವೆಂಬರ್ 3

ಥೆಮೆಲೀನಾ ದಿನವೂ ಬರುತ್ತಾಳೆ. ಮದುವೆಯಾಗದಿದ್ದರೂ ಕರಿ ಬಟ್ಟೆ ಉಟ್ಟಿದ್ದಾಳೆ. ಬಂದವಳು ನನ್ನ ಹತ್ತಿರ ಬರುವುದಿಲ್ಲ, ಮಾವನ ಹತ್ತಿರ ಒಲೆಯ ಮುಂದೆ ಕೂರುತ್ತಾಳೆ. ಇಬ್ಬರೂ ಸ್ಕೇವೋಸ್ ಚಿಕ್ಕವನಾಗಿದ್ದಾಗಿನ ಮಾತಾಡುತ್ತಾರೆ. ಕೊಂದವರು, ಅತ್ತವರು ಎಲ್ಲ ಒಂದಾದರು. ಉಣ್ಣಲು ಬೇಯಿಸಿ ಹಾಕುವವಳು ಮಾತ್ರ ನಾನು.

ದೋಣಿ ದಡದಲ್ಲಿ ಹೊಟ್ಟೆ ಮೇಲೆ ಮಾಡಿ ಬಿದ್ದಿದೆ. ಬಂದರಿನಲ್ಲಿ ಅದರ ಜಾಗಕ್ಕೆ ಆಗಲೇ ಬೇರೆಯವರು ಬಂದು ಹಗ್ಗ ಕಟ್ಟಿದ್ದಾರೆ. ಗೋದಾಮಿನ ಬಾಗಿಲು ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೈಗೆ ಕೆಲಸವಿಲ್ಲ. ಇಡೀ ದಿನ ಇಬ್ಬರು ಗಂಡಸರು ಉಸಿರಾಡುವುದನ್ನು ಕೇಳುತ್ತ ಕೂತಿರಬೇಕು.

ಡಿಸೆಂಬರ್ 8

ಮಾವನ ಹಳೆಯ ಜೊತೆಗಾರ ದ್ರೋಸೋಸ್ ಸಿಕ್ಕಿದ್ದ. ನಮ್ಮ ದೋಣಿಯಲ್ಲೇ ಚುಕ್ಕಾಣಿ ಹಿಡಿಯುತ್ತಿದ್ದವನು.

"ಒಳ್ಳೇ ದೋಣಿ. ಹಾಗೇ ಬಿದ್ದಿದ್ರೆ ಬಿಸಿಲಿಗೆ ಸೀಳುತ್ತೆ," ಅಂದ. "ಆ ದಿಣ್ಣೆ ಎಲ್ಲಿದೆ ಅಂತ ನಮಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀವು ಹೂಂ ಅಂದ್ರೆ ನಾನು ನಡೆಸ್ತೀನಿ."

ಪೊಥಿತೋಸನಿಗೆ ಹೇಳಿದೆ.

"ಬಿಟ್ಟುಬಿಡು ಸೆವಾಸ್ತಿ," ಅಂದ.

ಈ ಮನೆಯಲ್ಲಿ ಎಲ್ಲರದ್ದೂ ಅದೇ ಮಾತು. ಬಿಟ್ಟುಬಿಡು. ಬಿಟ್ಟವರು ಇಬ್ಬರೂ ಒಲೆಯ ಮುಂದೆ ಬೆಚ್ಚಗಿದ್ದಾರೆ. ಆ ದಿಣ್ಣೆಯನ್ನು ಸ್ಕೇವೋಸ್ ಪ್ರಾಣ ಕೊಟ್ಟು ಕಂಡದ್ದು. ಅದನ್ನು ಹಾಗೇ ಬಿಟ್ಟರೆ ಅವನು ಹೋದದ್ದು ಯಾತಕ್ಕೆ?

ಜನವರಿ 6, 1926

ನೀರನ್ನು ಹರಸುವ ಹಬ್ಬ. ಪಾದ್ರಿ ಸಮುದ್ರಕ್ಕೆ ಶಿಲುಬೆ ಎಸೆದ. ಪ್ರತಿ ವರ್ಷ ಮುಳುಗಿ ಅದನ್ನು ತರುತ್ತಿದ್ದವನು ಮೀಕೆಸ್. ಈ ವರ್ಷ ಅವನು ಜನರ ಹಿಂದೆ ಕೋಟು ಹಾಕಿಕೊಂಡು ನಿಂತಿದ್ದ. ಯಾವನೋ ಒಬ್ಬ ತಂದ. ಚಳಿಗೆ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಮೀಕೆಸ್ ಇನ್ನು ಇಳಿಯುವುದಿಲ್ಲವಂತೆ. ಸುಣ್ಣದ ಗೂಡಿನಲ್ಲಿ ಕೆಲಸಕ್ಕೆ ಸೇರುತ್ತಾನಂತೆ. ದ್ವೀಪದ ಅತಿ ಒಳ್ಳೆಯ ಮುಳುಗುಗಾರ, ಸುಣ್ಣ ಸುಡುತ್ತಾನೆ.

ಜನವರಿ 21

ಸುಣ್ಣದ ಗೂಡಿನವರೆಗೆ ನಡೆದು ಹೋದೆ. ಮೀಕೆಸನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿತ್ತು. ಪಾಪ, ಬಹಳ ಕುಗ್ಗಿದ್ದಾನೆ. ಯಾರಾದರೂ ಬಿಚ್ಚಿ ಮಾತಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಮಾತಾಡಿದೆ.

"ಎಷ್ಟು ದಿನ ಹೀಗೆ ಮುಖ ಮುಚ್ಚಿಕೊಂಡಿರ್ತೀಯಾ?"

"ನನ್ನ ಕೈಲಾಗಲ್ಲಕ್ಕ. ಟೋಪಿ ನೋಡಿದ್ರೆ ಅವನ ನಗು ಕೇಳುತ್ತೆ."

"ನೋಡು ಮೀಕೆಸ್, ನೀನು ಅಂದದ್ದು ಅಂದುಬಿಟ್ಟೆ. ನಾನೇನು ಅದನ್ನ ಊರಲ್ಲಿ ಹೇಳ್ತಾ ಹೋಗಿಲ್ಲ. ನಿನ್ನ ತಂಗಿಗೂ ಹೇಳಿಲ್ಲ."

ಅವನು ತಲೆ ಎತ್ತಿ ನೋಡಿದ.

"ಅವಳಿಗೆ ಗೊತ್ತಿಲ್ವಾ?"

"ಗಾಳಿ ಎದ್ದಿತು ಅಂತ ಮಾತ್ರ ಗೊತ್ತು. ಅಷ್ಟು ಸಾಕು ಅವಳಿಗೆ. ಆದ್ರೆ ನಿನಗೊಂದು ಋಣ ಅಂತ ಇರುತ್ತಲ್ಲ. ಅವನು ಕಂಡ ದಿಣ್ಣೆ ಅದು. ಅವನ ಮನೆ ಹೀಗೆ ನಿಂತುಹೋಗೋದನ್ನ ನೋಡ್ಕೊಂಡು ಸುಣ್ಣ ಸುಡ್ತಾ ಇರ್ತೀಯಾ?"

ಕೈಯ ಸುಣ್ಣ ಕೊಡವಿಕೊಂಡ. ಆಮೇಲೆ "ದೋಣಿ ಯಾರು ನಡೆಸ್ತಾರೆ?" ಅಂದ.

ಬರುವಾಗ ದಾರಿಯಲ್ಲಿ ಬಾದಾಮಿ ಮರ ಹೂ ಬಿಟ್ಟಿತ್ತು. ಒಬ್ಬ ಮನುಷ್ಯನನ್ನು ಮತ್ತೆ ನಿಲ್ಲಿಸಿದ ಸಮಾಧಾನ.

ಮಾರ್ಚ್ 28

ದೋಣಿಗೆ ಡಾಂಬರು ಬಳಿದಾಯಿತು. ಹೊಸ ಪಟ. ಮಾವನಿಗೆ ನಾನೇ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಬೇಡಿಕೊಂಡರು. ಅದು ಇನ್ನೂ ಕೆಟ್ಟದ್ದು.

"ನಾನು ಕಣ್ಣಾರೆ ನೋಡಿದೀನಿ ಸೆವಾಸ್ತಿ. ಎಲ್ಲರೂ ಅವನಿಗೆ ಸಾಕು ಅಂತಾರೆ, ಹೇಳ್ತಾ ಹೇಳ್ತಾನೇ ಅವನನ್ನ ಇಳಿಸೋ ಹಗ್ಗ ಬಿಡ್ತಾರೆ. ನಾನು ಬಿಟ್ಟೆ. ನನ್ನ ಕೈ ಇದು. ನೋಡು."

"ಅವತ್ತು ಗಾಳಿ ಎದ್ದಿತು ಮಾವ. ಸಮುದ್ರ ತಗೊಂಡುಬಿಡ್ತು. ಯಾರೇನು ಮಾಡೋಕಾಗ್ತಿತ್ತು? ಅದನ್ನೇ ಹಿಡಿದುಕೊಂಡು ಕೂತ್ರೆ ದ್ವೀಪದಲ್ಲಿ ಯಾರೂ ನೀರಿಗೆ ಕಾಲಿಡೋ ಹಾಗಿಲ್ಲ."

ಪೊಥಿತೋಸ್ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ. ಅವನ ಅಪ್ಪನಿಗೆ ಸಮಾಧಾನ ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು.

ಮೇ 2, ಈಸ್ಟರ್

ಹಬ್ಬಕ್ಕೆ ಮೊಟ್ಟೆಗೆ ಕೆಂಪು ಬಣ್ಣ ಹಾಕಿ ಬೇಯಿಸಿದ್ದೆ. ಮಾವ ಬರಲಿಲ್ಲ, ಹೊರಗೆ ಹೋಗಿದ್ದರು. ಗುಡ್ಡದ ಮೇಲಿನ ಸಿಡಿಮದ್ದಿನ ಸದ್ದಿನಲ್ಲಿ ಗೋದಾಮಿನ ಬಾಗಿಲು ಒಡೆದದ್ದು ಯಾರಿಗೂ ಕೇಳಿಸಿಲ್ಲ. ಮುಳುಗಿದವನಿಗೆ ಗಾಳಿ ಒಯ್ಯುವ ಕೊಳವೆಯನ್ನು ಮಾವ ಕೊಡಲಿಯಿಂದ ತುಂಡು ತುಂಡು ಮಾಡಿದ್ದಾರೆ. ದ್ರೋಸೋಸ್ ಹೋಗುವ ಹೊತ್ತಿಗೆ ತಾಮ್ರದ ಟೋಪಿಯನ್ನು ಜಜ್ಜಲು ಶುರು ಮಾಡಿದ್ದರಂತೆ. ಇಬ್ಬರು ಹಿಡಿದುಕೊಂಡು ಬಂದರು. ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಮುದುಕನಿಗೆ ತಲೆ ಕೆಟ್ಟಿದೆ," ದ್ರೋಸೋಸ್ ಅಂದ.

"ಹೌದು," ಅಂದೆ.

ಟೋಪಿಗೆ ಹೆಚ್ಚೇನೂ ಆಗಿಲ್ಲ. ಕೊಳವೆ ಪಕ್ಕದ ದ್ವೀಪದಿಂದ ತರಿಸಬೇಕು. ಹೊಸದಲ್ಲ, ಬಳಸಿದ್ದು ಸಿಗುತ್ತದೆ. ನಡೆಯುತ್ತದೆ.

ಮೇ 9

ಮೀಕೆಸ್ ಕೊಳವೆ ನೋಡಿ "ಇದರಲ್ಲಿ ಒಂದೆರಡು ಕಡೆ ತೇಪೆ ಇದೆ" ಅಂದ. ಗಟ್ಟಿಯಾಗಿದೆ ಎಂದು ದ್ರೋಸೋಸ್ ಎಳೆದು ತೋರಿಸಿದ. ಕೆಳಗಿಳಿಯುವ ಮುಂಚೆ ಪ್ರತಿಯೊಬ್ಬ ಮುಳುಗುಗಾರನೂ ಏನಾದರೊಂದು ತಕರಾರು ತೆಗೆಯುತ್ತಾನೆ. ಅಂಜಿಕೆ ಮನುಷ್ಯ ಸಹಜ.

ಊಟವಾದ ಮೇಲೆ ಪೊಥಿತೋಸ್ ಕೇಳಿದ. "ಅವನನ್ನ ನಿಧಾನ ಎತ್ತಬೇಕು ಅಂತ ದ್ರೋಸೋಸನಿಗೆ ಹೇಳಿದೀಯಾ?"

"ಅವನಿಗೇನು ಗೊತ್ತಿಲ್ವಾ?"

"ಗೊತ್ತಿದೆ. ನೀನು ಹೇಳಿದೀಯಾ ಅಂತ ಕೇಳಿದೆ."

"ಪೊಥಿತೋಸ್, ನೀನು ಕಿಟಕಿಯಲ್ಲಿ ಕೂತು ನೋಡ್ತೀಯಾ. ಈ ಮನೆ ಹೊತ್ತು ನಿಂತಿರೋಳು ನಾನು."

ಸ್ವಲ್ಪ ಹೊತ್ತಿಗೆ ಥೆಮೆಲೀನಾ ಬಂದಳು. ಅಣ್ಣ ಎಲ್ಲ ಹೇಳಿದನಂತೆ, ತಾನಾಗಿಯೇ. ಹೇಳಿ ಅವಳ ಕಾಲು ಹಿಡಿದನಂತೆ.

"ನಾನು ಅವನನ್ನ ಕ್ಷಮಿಸಿದೆ," ಅಂದಳು. "ಹೋಗಬೇಡ ಅಂದೆ. ಅಕ್ಕನಿಗೆ ಮಾತು ಕೊಟ್ಟಿದೀನಿ ಅಂತಾನೆ. ನೀವು ಮಾತು ವಾಪಸ್ ಕೊಟ್ಟುಬಿಡಿ. ಒಂದು ಮಾತು ಹೇಳಿ ಸಾಕು, ಅವನು ಉಳೀತಾನೆ."

ಎರಡು ದಿನದಲ್ಲಿ ದೋಣಿ ಹೊರಡಬೇಕು. ಈಗ ಬಂದು ಹೀಗೆ ಹೇಳಿದರೆ? "ಅವನೇನು ಮಗುನಾ? ಅವನ ಇಷ್ಟ," ಅಂದೆ. ಅವಳು ಹೋಗುವಾಗ ಮಾವನ ಕೈಗೆ ಮುತ್ತಿಟ್ಟಳು. ನನಗೆ ಮುಖ ಕೂಡ ತೋರಿಸಲಿಲ್ಲ.

ಮೇ 11

ದೋಣಿ ಹೊರಟಿತು.

ಮಾವ ಬಂದರಿಗೆ ಬಂದು ರಂಪ ಮಾಡುತ್ತಾರೆಂದು ಬೆಳಿಗ್ಗೆಯೇ ಅವರ ಕೋಣೆಗೆ ಹೊರಗಿನಿಂದ ಬೀಗ ಹಾಕಿದೆ. ಬೇರೆ ದಾರಿಯಿರಲಿಲ್ಲ. ಅವರ ಮರ್ಯಾದೆಗಾಗಿಯೇ ಹಾಕಿದ್ದು. ನೀರು, ರೊಟ್ಟಿ ಒಳಗೆ ಇಟ್ಟಿದ್ದೆ. ಅವರು ಬಾಗಿಲು ಬಡಿಯಲಿಲ್ಲ.

ಪಾದ್ರಿ ಮಂತ್ರದ ನೀರು ಚಿಮುಕಿಸಿದ. ಮೀಕೆಸ್ ದೋಣಿ ಹತ್ತುವಾಗ ಯಾರನ್ನೂ ನೋಡಲಿಲ್ಲ. ಥೆಮೆಲೀನಾ ಬಂದಿರಲಿಲ್ಲ. ಅವರ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಕೃತಜ್ಞತೆ ಅನ್ನುವುದು ಈ ದ್ವೀಪದಲ್ಲಿ ಬೆಳೆಯುವುದಿಲ್ಲ. ಹವೆ ಚೆನ್ನಾಗಿತ್ತು. ನಾನು ದಂಡೆಯ ಮೇಲೆ ಎಲ್ಲರಿಗಿಂತ ಮುಂದೆ ನಿಂತಿದ್ದೆ, ಮೊದಲೆಲ್ಲ ಮಾವ ನಿಲ್ಲುತ್ತಿದ್ದ ಕಡೆ. ಹೊಸ ಪಟ ಒಂದೇ ಸಲಕ್ಕೆ ಗಾಳಿ ತುಂಬಿಕೊಂಡಿತು.

ಮನೆಗೆ ಬಂದರೆ ಪೊಥಿತೋಸ್ ಕಿಟಕಿಯಲ್ಲಿರಲಿಲ್ಲ. ಕೋಲುಗಳು ನೆಲದ ಮೇಲೆ ಬಿದ್ದಿದ್ದವು. ತೆವಳಿಕೊಂಡು ಹೋಗಿ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಒಳಗೆ ಮಾವನೂ ಬಾಗಿಲಿಗೆ ಒರಗಿ ಕೂತಿದ್ದರು ಅಂತ ಕಾಣುತ್ತದೆ. ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು. ನನ್ನ ಹೆಜ್ಜೆ ಸದ್ದಿಗೆ ಮಾತು ನಿಂತಿತು.

"ಜರುಗು, ಬೀಗ ತೆಗೀಬೇಕು," ಅಂದೆ.

ಪೊಥಿತೋಸ್ ಜರುಗಿದ. ಬಾಗಿಲು ತೆರೆದೆ. ರೊಟ್ಟಿ ಮುಟ್ಟಿರಲಿಲ್ಲ. ಮಾವ ನೆಲದಿಂದ ಏಳಲಿಲ್ಲ.

"ಮಾವ, ಬನ್ನಿ. ಊಟ ಮಾಡೋಣ. ದೋಣಿ ಹೋಯ್ತು, ಗಾಳಿ ಚೆನ್ನಾಗಿದೆ."

ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಪರಿಚಯದವರ ಮುಖವನ್ನು ಜನಜಂಗುಳಿಯಲ್ಲಿ ಗುರುತು ಹಿಡಿಯುವ ಹಾಗೆ. ಆಮೇಲೆ ತಲೆಯ ಟೋಪಿಯನ್ನು ಆಳುಗಳು ತೆಗೆಯುವ ಹಾಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು.

"ಬೇಡ, ಯಜಮಾನತಿ. ನಾವಿಬ್ಬರೂ ಇಲ್ಲೇ ಇರ್ತೀವಿ."

ಈ ಮನೆಗೆ ಬಂದಾಗಿನಿಂದ ಅವರು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ಮುದುಕರಿಗೆ ಕೊನೆಗಾದರೂ ಅರ್ಥವಾಯಿತಲ್ಲ ಅನಿಸಿತು. ಮೇಜಿಗೆ ಬಂದು ಒಬ್ಬಳೇ ಬಡಿಸಿಕೊಂಡು ಊಟ ಮಾಡಿದೆ. ಬಹಳ ದಿನದ ಮೇಲೆ ಚೆನ್ನಾಗಿ ಹಸಿವಾಗಿತ್ತು.